ಕೆಂಪಿಲ್ಲದ ಹರಿಕೇನ್: ಇಂಫಾಲದ ವಿಮಾನವೊಂದು 1/72ರಲ್ಲಿ

ಹಾಕರ್ ಹರಿಕೇನ್ ಎಂಬ ಬ್ರಿಟಿಷ್ ಯುದ್ಧವಿಮಾನ ಎಂದರೆ ಮಾಡೆಲ್ ಕಟ್ಟುವವರ ಕಣ್ಣಮುಂದೆ ಮೊದಲು ಬರುವುದು 1940ರ ಬ್ರಿಟನ್ ಕದನದ ವಿಮಾನ. ಮೈಮೇಲೆ ಕೆಂಪು, ಬಿಳಿ, ನೀಲಿಯ ಗುರುತಿನ ಚಕ್ರ, ಕೆಳಗೆ ಇಂಗ್ಲೆಂಡಿನ ಹಸಿರು ಬಯಲು. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಪೆಟ್ಟಿಗೆಗಳ ಮೇಲಿನ ಚಿತ್ರವೂ ಅದೇ. ನನಗೆ ಬೇಕಾಗಿದ್ದದ್ದು ಬೇರೆ ಹರಿಕೇನ್: 1944ರಲ್ಲಿ ಮಣಿಪುರದ ಇಂಫಾಲದಿಂದ ಜಪಾನೀಯರ ವಿರುದ್ಧ ಹಾರುತ್ತಿದ್ದ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನದು. ಆ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ವಾಪಿಟಿ ಎಂಬ ಎರಡು ರೆಕ್ಕೆಯ ಹಳೇ ವಿಮಾನಗಳಿಂದ ಶುರುವಾದದ್ದು. ಇಂಫಾಲಕ್ಕೆ ಬರುವ ಹೊತ್ತಿಗೆ ಅದರ ನಾಯಕ ಸ್ಕ್ವಾಡ್ರನ್ ಲೀಡರ್ ಅರ್ಜನ್ ಸಿಂಗ್, ವಯಸ್ಸು ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಆ ವರ್ಷ ಮೌಂಟ್‌ಬ್ಯಾಟನ್ ಅಲ್ಲಿಗೇ ಬಂದು ಅವರಿಗೆ ಡಿ.ಎಫ್.ಸಿ. ಎಂಬ ಶೌರ್ಯ ಪದಕ ತೊಡಿಸಿದರು. 1965ರ ಯುದ್ಧದಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದವರೂ, 2002ರಲ್ಲಿ ಮಾರ್ಷಲ್ ಪದವಿ ಪಡೆದವರೂ ಇವರೇ.

ಈ ವಿಮಾನಗಳನ್ನು ಯಾರೂ ಕಟ್ಟುವುದಿಲ್ಲ ಅನ್ನಲಾರೆ. ಆದರೆ ಕಟ್ಟಿದವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಹರಿಕೇನಿಗೆ ಬೇರೆ ಡೆಕಲ್, ಅಂದರೆ ಅಚ್ಚು ಹಾಕಿದ ಗುರುತಿನ ಚೀಟಿ, ಅಂಟಿಸಿದಂತೆ ಕಾಣುತ್ತವೆ. ಇಂಫಾಲದ ವಿಮಾನ ಬರೀ ಡೆಕಲ್ ಬದಲಾಯಿಸಿದರೆ ಆಗುವಂಥದಲ್ಲ. ಅದರ ಬಣ್ಣ, ಮಣ್ಣು, ಮಾಸಿದ ರೀತಿ, ಗುರುತಿನ ಚಕ್ರ ಎಲ್ಲಕ್ಕೂ ಆ ಜಾಗದ ಕಾರಣಗಳಿವೆ. ಆ ಕಾರಣ ಗೊತ್ತಿದ್ದರೆ ಕೈ ಯಾವ ಕಡೆ ಹೋಗಬೇಕೆಂದು ತಾನೇ ಗೊತ್ತಾಗುತ್ತದೆ.

ಕಿಟ್ ಪೋಲೆಂಡಿನ ಆರ್ಮಾ ಹಾಬಿಯ ಹರಿಕೇನ್ ಎರಡು-ಸಿ, 1/72 ಸ್ಕೇಲ್, ಅಂದರೆ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲು ಅಳತೆ. ನಿಜವಾದ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 12.19 ಮೀಟರ್. ಮಾಡೆಲಿನಲ್ಲಿ ಅದು 17 ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಉದ್ದ ಹದಿಮೂರುವರೆ ಸೆಂಟಿಮೀಟರ್ ಚಿಲ್ಲರೆ. ಅಂಗೈಯಲ್ಲಿ ಕೂರುತ್ತದೆ. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ ಏಳು ಸೆಂಟಿಮೀಟರಿಗೂ ಮಿಗಿಲು. ಅದನ್ನು ಸದಾ ನೆನಪಿಟ್ಟುಕೊಳ್ಳಬೇಕು. ತಗಡುಗಳು ಕೂಡುವಲ್ಲಿನ ಗೀರು ಒಂದು ಮಿಲಿಮೀಟರ್ ದಪ್ಪ ಬಿದ್ದರೆ ಅದು ಗೀರಲ್ಲ, ಕಾಲುವೆ.

ಒಳಗಿನ ಕೆಲಸ

ಹರಿಕೇನಿನ ಕಾಕ್‌ಪಿಟ್ಟಿಗೆ ನೆಲವೇ ಇಲ್ಲ. ಪೈಲಟ್ ಕಾಲಿಡಲು ಎರಡು ಉದ್ದನೆಯ ಪಟ್ಟಿಗಳು, ಅವುಗಳ ಕೆಳಗೆ ಖಾಲಿ ಜಾಗ. ಸುತ್ತ ಉಕ್ಕಿನ ಕೊಳವೆಗಳ ಚೌಕಟ್ಟು. ಕಿಟ್ಟಿನಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ, ಕೊಳವೆಗಳು ಬಿಡಿ ಭಾಗಗಳಾಗಿ ಬಂದಿವೆ. ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಾದ ಸ್ಪ್ರೂವಿನಿಂದ ಬಿಡಿಸುವಾಗ ಮೊದಲು ದೂರದಲ್ಲಿ ಕತ್ತರಿಸಿ, ಆಮೇಲೆ ಭಾಗಕ್ಕೆ ತಾಗುವಲ್ಲಿ ಹೊಸ ಬ್ಲೇಡಿನಿಂದ ಸಣ್ಣಗೆ ಕೊಯ್ದು ತೆಗೆಯಬೇಕು. ಒಂದೇ ಸಲಕ್ಕೆ ಕತ್ತರಿಯಿಂದ ತುಂಡರಿಸಿದರೆ ಇಷ್ಟು ತೆಳುವಾದ ಕೊಳವೆ ಆ ಜೋರಿಗೇ ಮುರಿಯುತ್ತದೆ.

ಕೊಳವೆಗಳಿಗೆ ಅಲ್ಯುಮಿನಿಯಂ ಬಣ್ಣ, ಪಕ್ಕದ ಗೋಡೆಗೆ ಬೂದು-ಹಸಿರು. ಮೀಟರುಗಳಿರುವ ಫಲಕ ಕಪ್ಪು, ಅದರ ಮೇಲೆ ಕಿಟ್ಟಿನ ಡೆಕಲ್. ಒಂದೊಂದು ಮೀಟರಿನ ಮೇಲೂ ಸೂಜಿಯ ತುದಿಯಿಂದ ಹೊಳಪು ವಾರ್ನಿಷ್ ಮುಟ್ಟಿಸಿದರೆ ಗಾಜಿನಂತಾಗುತ್ತದೆ. ಸೀಟಿನ ಪಟ್ಟಿಗೆ ಮಾಸ್ಕಿಂಗ್ ಟೇಪನ್ನು 0.7 ಮಿಲಿಮೀಟರ್ ಅಗಲಕ್ಕೆ ಕೊಯ್ದು ಹಚ್ಚಿದೆ. ನಿಜವಾದ ಪಟ್ಟಿ ಸುಮಾರು ಎರಡು ಇಂಚು ಅಗಲ, ಲೆಕ್ಕ ಸರಿಹೋಯಿತು. ಕಂಟ್ರೋಲ್ ಕಡ್ಡಿಯ ಹಿಡಿ ದುಂಡಗಿನ ಬಳೆಯಾಕಾರದ್ದು, ಅದು ಮೇಲಿನಿಂದ ಕಾಣುತ್ತದೆ, ಹಾಗಾಗಿ ಅದರ ಮಧ್ಯದ ಪ್ಲಾಸ್ಟಿಕ್ ಪೊರೆಯನ್ನು ಕೊರೆದು ತೆಗೆಯುವುದು ವಾಸಿ. ಇನ್ನುಳಿದದ್ದರ ಮೇಲೆ ಹೆಚ್ಚು ಹೊತ್ತು ಕಳೆಯಲಿಲ್ಲ. ಗಾಜಿನ ಮುಚ್ಚಳ ಸರಿಸಿ ತೆರೆದಿಟ್ಟರೂ ಈ ಅಳತೆಯಲ್ಲಿ ಕಣ್ಣಿಗೆ ಬೀಳುವುದು ಸೀಟು, ಪಟ್ಟಿ, ಫಲಕದ ಮೇಲಂಚು, ಗುರಿ ಹಿಡಿಯುವ ಗಾಜು, ಇಷ್ಟೇ.

ರೆಕ್ಕೆಯ ಕೂಡು

ಇಳಿಯುವ ಚಕ್ರಗಳು ಮಡಚಿ ಕೂರುವ ಗುಂಡಿಯನ್ನು ರೆಕ್ಕೆಯ ಕೆಳಭಾಗಕ್ಕೆ ಕೂರಿಸಿ, ಒಣಗಿದ ಮೇಲೆ ಮೇಲ್ಭಾಗವನ್ನು ಅಂಟಿಸಬೇಕು. ಇಲ್ಲಿ ಅವಸರ ಸಲ್ಲದು. ಅಂಟು ಹಾಕದೆ ಎಲ್ಲವನ್ನೂ ಟೇಪಿನಿಂದ ಕಟ್ಟಿ, ದೇಹದ ಮೇಲಿಟ್ಟು, ಮುಂದಿನಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಹರಿಕೇನಿನ ರೆಕ್ಕೆಯ ನಡುಭಾಗ ಸಪಾಟು. ಚಕ್ರದ ಕಾಲುಗಳಿಂದ ಆಚೆಗೆ ಮಾತ್ರ ರೆಕ್ಕೆ ಮೇಲೇಳುತ್ತದೆ. ಆ ಮುರಿವು ಸರಿಯಾಗಿ ಕಾಣದಿದ್ದರೆ ವಿಮಾನ ಹರಿಕೇನಿನಂತೆ ನಿಲ್ಲುವುದೇ ಇಲ್ಲ. ನಾನು ರೆಕ್ಕೆಯ ತುದಿಗಳ ಕೆಳಗೆ ಒಂದೇ ಎತ್ತರದ ಎರಡು ರಟ್ಟಿನ ತುಂಡು ಇಟ್ಟು, ನಡುಭಾಗವನ್ನು ಗಾಜಿನ ಮೇಲೆ ಒತ್ತಿ ಹಿಡಿದು, ಸಂದಿಗೆ ತೆಳು ಅಂಟನ್ನು ಕುಂಚದಿಂದ ಮುಟ್ಟಿಸಿದೆ. ಅಂಟು ತಾನಾಗಿಯೇ ಸಂದಿಯುದ್ದಕ್ಕೂ ಓಡುತ್ತದೆ.

ರೆಕ್ಕೆ ದೇಹಕ್ಕೆ ಸೇರುವ ಮೂಲೆಯಲ್ಲಿ ಪುಟ್ಟಿ ಹಚ್ಚುವುದನ್ನು ಆದಷ್ಟೂ ತಪ್ಪಿಸಬೇಕು. ಅಲ್ಲಿನ ಮಡಿಕೆ ಬಹಳ ಸೂಕ್ಷ್ಮ, ಉಜ್ಜಿದರೆ ಗೀರುಗಳೆಲ್ಲ ಮಾಯ. ಅದರ ಬದಲು ರೆಕ್ಕೆಗಳನ್ನು ಟೇಪಿನಿಂದ ತುಸು ಮೇಲಕ್ಕೆ ಎಳೆದು ಕಟ್ಟಿ ಸಂದಿ ಮುಚ್ಚಿ, ಅಂಟು ಹಾಕಿ, ರಾತ್ರಿಯೆಲ್ಲ ಹಾಗೇ ಬಿಟ್ಟೆ. ಪುಟ್ಟಿ ಬೇಕಾದದ್ದು ಹೊಟ್ಟೆಯ ಹಿಂದಿನ ಅಡ್ಡ ಸಂದಿಗೆ ಮಾತ್ರ.

ಮೂಗಿನ ಕೆಳಗೆ ಉಬ್ಬಿದ ಗಡ್ಡದಂತಿರುವುದು ವೋಕ್ಸ್ ಫಿಲ್ಟರ್. ದೂಳು ಎಂಜಿನ್ನಿಗೆ ಹೋಗದಂತೆ ತಡೆಯುವ ಸಾಧನ. ಮರುಭೂಮಿಗೂ ಭಾರತ-ಬರ್ಮಾಕ್ಕೂ ಹೋದ ಹರಿಕೇನ್‌ಗಳಿಗೆ ಇದನ್ನು ಜೋಡಿಸುತ್ತಿದ್ದರು. ವೇಗ ಸ್ವಲ್ಪ ಕುಗ್ಗುತ್ತಿತ್ತು, ಎಂಜಿನ್ ಉಳಿಯುತ್ತಿತ್ತು. ಇದು ಮಾಡೆಲಿನ ಮುಖಚಹರೆಯನ್ನೇ ಬದಲಿಸುತ್ತದೆ, ಹಾಗಾಗಿ ಇದರ ಸುತ್ತಲಿನ ಸಂದಿ ಪೂರ್ತಿ ಅಳಿಯದಂತೆ ನೋಡಿಕೊಂಡೆ. ನಿಜದಲ್ಲಿ ಅದು ಬೋಲ್ಟ್ ಹಾಕಿ ಕೂರಿಸಿದ ಬೇರೆಯೇ ಭಾಗ, ಅಂಚು ಕಾಣಲೇಬೇಕು.

ರೆಕ್ಕೆಯ ಮುಂದೆ ಚಾಚಿದ ನಾಲ್ಕು ಹಿಸ್ಪಾನೋ ತೋಪುಗಳ ಬಾಯಿ 20 ಮಿಲಿಮೀಟರ್. 1/72ರಲ್ಲಿ ಅದು 0.28 ಮಿಲಿಮೀಟರ್. ಪ್ಲಾಸ್ಟಿಕ್ಕಿನಲ್ಲಿ ಅಷ್ಟು ಸಣ್ಣ ತೂತು ಬರುವುದಿಲ್ಲ. 0.3ರ ಡ್ರಿಲ್ ಹಿಡಿದು ಬೆರಳಲ್ಲೇ ತಿರುಗಿಸಿ ಕೊರೆಯಬಹುದು. ಮೊದಲು ಸೂಜಿಯಿಂದ ನಟ್ಟನಡುವೆ ಒಂದು ಚುಕ್ಕೆ ಒತ್ತಿಕೊಂಡರೆ ಡ್ರಿಲ್ ಜಾರುವುದಿಲ್ಲ. ಸ್ಥಳಾನ್ವೇಷಣೆಗೆ ಹೋಗುತ್ತಿದ್ದ ಕೆಲವು ಹರಿಕೇನ್‌ಗಳಲ್ಲಿ ಭಾರ ಇಳಿಸಲು ಎರಡು ತೋಪು ತೆಗೆದದ್ದೂ ಉಂಟು. ನನ್ನ ಮಾಡೆಲಿಗೆ ನಾಲ್ಕನ್ನೂ ಇಟ್ಟೆ.

ಬಟ್ಟೆ ಎಲ್ಲಿ, ತಗಡು ಎಲ್ಲಿ

ಈ ವಿಮಾನದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇದು. ಹರಿಕೇನ್ ಎರಡು ಕಾಲಗಳ ನಡುವೆ ನಿಂತ ವಿಮಾನ. ಮೂಗಿನಿಂದ ಕಾಕ್‌ಪಿಟ್ಟಿನವರೆಗೆ ತಗಡು, ಕಾಕ್‌ಪಿಟ್ ಸುತ್ತಮುತ್ತ ಒಂದಿಷ್ಟು ಪ್ಲೈವುಡ್, ಅಲ್ಲಿಂದ ಬಾಲದ ತುದಿಯವರೆಗೆ ಬಟ್ಟೆ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಮರದ ಪಟ್ಟಿಗಳನ್ನು ಉದ್ದಕ್ಕೂ ಕಟ್ಟಿ, ಮೇಲೆ ಲಿನನ್ ಎಳೆದು, ಡೋಪ್ ಎಂಬ ಮೆರುಗೆಣ್ಣೆ ಬಳಿದು ಬಿಗಿ ಮಾಡುತ್ತಿದ್ದರು. ಮೊದಲ ಹರಿಕೇನ್‌ಗಳಲ್ಲಿ ರೆಕ್ಕೆಗೂ ಬಟ್ಟೆಯೇ ಇತ್ತು. ಆಮೇಲೆ ರೆಕ್ಕೆ ತಗಡಿಗೆ ಬದಲಾಯಿತು, ದೇಹದ ಹಿಂಭಾಗ ಮಾತ್ರ ಕೊನೆಯವರೆಗೂ ಬಟ್ಟೆಯಲ್ಲೇ ಉಳಿಯಿತು. ಗುಂಡು ತೂರಿ ಹೋದರೆ ಬಟ್ಟೆಗೆ ತೇಪೆ ಹಾಕಿ ಮತ್ತೆ ಹಾರಿಸಬಹುದಿತ್ತು. ಗುಡ್ಡಗಳ ನಡುವಿನ ಮುಂಚೂಣಿ ನೆಲೆಯಲ್ಲಿ ಅದು ಸಣ್ಣ ಅನುಕೂಲವಲ್ಲ.

ಮಾಡೆಲಿಗೆ ಇದರಿಂದ ಎರಡು ಕೆಲಸ. ಒಂದು, ಹಿಂಭಾಗದ ಪಟ್ಟಿಗಳ ಉಬ್ಬು ಮೆತ್ತಗೆ ಕಾಣಬೇಕು. ಡೋಪ್ ಹಚ್ಚಿದ ಬಟ್ಟೆ ತಮಟೆಯ ಚರ್ಮದಂತೆ ಬಿಗಿ, ಪಟ್ಟಿಗಳ ನಡುವೆ ಜೋಲುವುದಿಲ್ಲ. ಹಾಗಾಗಿ ಪ್ರೈಮರ್ ಹೊಡೆದು ಒಣಗಿದ ಮೇಲೆ 2000 ನಂಬರಿನ ನೀರು ಪೇಪರಿನಿಂದ ಉದ್ದಕ್ಕೂ ಹಗುರವಾಗಿ ಉಜ್ಜಿದೆ. ಅಡ್ಡಕ್ಕೆ ಉಜ್ಜಿದರೆ ಉಬ್ಬುಗಳ ತಲೆ ಸಪಾಟಾಗುತ್ತದೆ.

ಎರಡನೆಯದು ಬಣ್ಣ ಕಿತ್ತ ಗುರುತು. ಯುದ್ಧವಿಮಾನದ ಮಾಡೆಲಿನಲ್ಲಿ ಬಣ್ಣ ಕಿತ್ತು ಬೆಳ್ಳಿ ಹೊಳೆಯುವಂತೆ ಮಾಡುವುದು ಎಲ್ಲರಿಗೂ ಇಷ್ಟ. ಆದರೆ ಬಟ್ಟೆಯ ಕೆಳಗೆ ತಗಡೇ ಇಲ್ಲ! ಹರಿಕೇನಿನ ಬಾಲದ ಮೇಲೆ, ಚುಕ್ಕಾಣಿಯ ಮೇಲೆ, ರೆಕ್ಕೆಯ ಹಿಂಭಾಗದಲ್ಲಿ ಮೇಲೆ ಕೆಳಗೆ ಆಡುವ ಏಲೆರಾನ್ ಪಟ್ಟಿಯ ಮೇಲೆ ಬೆಳ್ಳಿ ಚುಕ್ಕೆ ಹಚ್ಚಿದ ಮಾಡೆಲುಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅಷ್ಟು ಶ್ರಮಪಟ್ಟವರು ಆ ವಿಮಾನ ಯಾವುದರಿಂದ ಆಗಿತ್ತು ಎಂಬುದನ್ನೇ ಬಿಟ್ಟುಬಿಟ್ಟಿರುತ್ತಾರೆ. ಬಟ್ಟೆ ಬಿಸಿಲಿಗೆ ಮಾಸುತ್ತದೆ, ಕೊಳೆಯಾಗುತ್ತದೆ, ತೇಪೆ ಬೀಳುತ್ತದೆ. ಹೊಳೆಯುವುದಿಲ್ಲ. ನಾನು ಬೆಳ್ಳಿ ಬಳಸಿದ್ದು ಮೂರು ಕಡೆ: ಪೈಲಟ್ ಹತ್ತಿ ಇಳಿಯುವ ಎಡರೆಕ್ಕೆಯ ಬುಡ, ತೋಪಿನ ಮೇಲಿನ ಮುಚ್ಚಳಗಳ ಅಂಚು, ಎಂಜಿನ್ ಹೊದಿಕೆಯ ಸ್ಕ್ರೂಗಳ ಸುತ್ತ. ಆ ಮುಚ್ಚಳಗಳನ್ನು ತೋಪಿಗೆ ಗುಂಡು ತುಂಬುವವರು ಮತ್ತೆ ಮತ್ತೆ ತೆಗೆದು ಹಾಕುತ್ತಿದ್ದರು, ಬಣ್ಣ ಅಲ್ಲೇ ಕಿತ್ತುಬರುವುದು. ಚಿಕ್ಕ ಸ್ಪಂಜಿನ ಚೂರನ್ನು ಚಿಮಟದಲ್ಲಿ ಹಿಡಿದು, ಬಣ್ಣಕ್ಕೆ ಅದ್ದಿ, ಮುಕ್ಕಾಲು ಪಾಲು ಕಾಗದಕ್ಕೆ ಒರೆಸಿ, ಉಳಿದ ಚೂರುಪಾರು ಮುಟ್ಟಿಸಬೇಕು. ಹೊಳೆಯುವ ಬೆಳ್ಳಿಗಿಂತ ಮಂಕು ಅಲ್ಯುಮಿನಿಯಂ ಒಳ್ಳೆಯದು.

ಹಸಿರು, ಕಂದು

ಮೇಲೆ ಕಡುಹಸಿರು ಮತ್ತು ಮಣ್ಣಿನ ಕಂದು, ಕೆಳಗೆ ಸಮುದ್ರಬೂದು. ತಾಮಿಯಾ ಕಂಪನಿಯ ಬಣ್ಣಗಳಲ್ಲಿ ಎಕ್ಸ್‌ಎಫ್-81 ಹಸಿರಿಗೂ ಎಕ್ಸ್‌ಎಫ್-83 ಬೂದುವಿಗೂ ಆಯಿತು, ಕಂದಿಗೆ ಎಕ್ಸ್‌ಎಫ್-52. ಮೂರನ್ನೂ ಬಾಟಲಿಯಲ್ಲಿದ್ದ ಹಾಗೆ ಬಳಸಲಿಲ್ಲ. ಸಣ್ಣ ಮಾಡೆಲಿನ ಮೇಲೆ ನಿಜವಾದ ಬಣ್ಣ ಗಾಢವಾಗಿ ಕಾಣುತ್ತದೆ. ಹತ್ತಕ್ಕೆ ಒಂದು ಪಾಲು ತಿಳಿಹಳದಿ ಬೆರೆಸಿದರೆ ಬಿಸಿಲಿಗೆ ಮಾಸಿದ್ದೂ ಆಯಿತು, ಅಳತೆಗೆ ತಕ್ಕ ತಿಳಿತನವೂ ಬಂತು. ತಾಮಿಯಾ ಅಕ್ರಿಲಿಕ್ಕಿಗೆ ನೀರಿಗಿಂತ ಲ್ಯಾಕರ್ ಥಿನ್ನರ್ ಉತ್ತಮ. ಬೇಗ ಒಣಗಿ ಗಟ್ಟಿಯಾಗಿ ಹಿಡಿಯುತ್ತದೆ, ಮೇಲೆ ಟೇಪ್ ಹಾಕಿ ಕಿತ್ತರೂ ಏಳುವುದಿಲ್ಲ. ವಾಸನೆ ಮಾತ್ರ ಜೋರು, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ ಕಿಟಕಿ ತೆರೆದಿಟ್ಟುಕೊಳ್ಳದೆ ಈ ಕೆಲಸಕ್ಕೆ ಇಳಿಯಬಾರದು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನ ಸೂಜಿ 0.3 ಮಿಲಿಮೀಟರ್, ಒತ್ತಡ 15 ಪಿ.ಎಸ್.ಐ.

ಮೊದಲು ಹೊಟ್ಟೆಗೆ ಬೂದು, ಆಮೇಲೆ ಬೆನ್ನಿಗೆಲ್ಲ ಕಂದು. ಒಣಗಿದ ಮೇಲೆ ಹಸಿರಿನ ಗಡಿಯುದ್ದಕ್ಕೂ ಅಂಟುಮುದ್ದೆಯನ್ನು ಸಣ್ಣ ಹುರಿ ಮಾಡಿ ಇಟ್ಟೆ, ನಡುವಿನ ಜಾಗಕ್ಕೆ ಟೇಪು. ಹುರಿಯ ಅಡಿಗೆ ಬಣ್ಣ ತುಸು ಮಾತ್ರ ನುಗ್ಗುವುದರಿಂದ ಗಡಿ ಕತ್ತರಿಸಿದಂತಿರದೆ, ಹರಡಿದಂತೆಯೂ ಇರದೆ ಬರುತ್ತದೆ. ಏರ್‌ಬ್ರಷ್ಷನ್ನು ನೇರ ಮೇಲಿನಿಂದ ಹಿಡಿಯಬೇಕು, ಓರೆಯಾದರೆ ಒಂದು ಕಡೆ ಮಬ್ಬು, ಇನ್ನೊಂದು ಕಡೆ ಚೂಪು.

ಬಟ್ಟೆಯ ಮೇಲೆ ಬಣ್ಣ ಮಾಸುವ ಬಗೆ ತಗಡಿನ ಮೇಲಿನದರಂತೆ ಇರುವುದಿಲ್ಲ. ಅದಕ್ಕೆ ಹಿಂಭಾಗದ ಎರಡೂ ಬಣ್ಣಗಳಿಗೆ ಇನ್ನೆರಡು ಹನಿ ತಿಳಿಹಳದಿ ಸೇರಿಸಿ, ಪಟ್ಟಿಗಳ ನಡುವೆ ತೀರ ತೆಳುವಾಗಿ ಹಾಯಿಸಿದೆ. ಬೇರೆಯವರಿಗೆ ಕಾಣದಿರಬಹುದು, ಆದರೆ ಕಾಕ್‌ಪಿಟ್ಟಿನ ಹಿಂದೆ ವಿಮಾನದ ಮೈ ಬದಲಾಗುತ್ತದೆ ಎಂಬುದು ಕಣ್ಣಿಗೆ ಹೇಗೋ ತಿಳಿಯುತ್ತದೆ.

ಗುರುತಿನ ಚಕ್ರದಲ್ಲಿ ಕೆಂಪು ಯಾಕಿಲ್ಲ

ಈ ಮಾಡೆಲಿನ ಜೀವ ಇರುವುದು ಇಲ್ಲಿ. ಜಪಾನೀ ವಿಮಾನಗಳ ಗುರುತು ಕೆಂಪು ಸೂರ್ಯ. ಕಾಡಿನ ಮೇಲೆ, ಅರೆಕ್ಷಣದಲ್ಲಿ ಎದುರಿಗೆ ಬಂದ ವಿಮಾನದಲ್ಲಿ ಕೆಂಪು ಕಂಡರೆ ಸಾಕು, ಕೆಳಗಿನ ತೋಪಿನವನಾಗಲಿ ಮೇಲಿನ ಪೈಲಟ್ ಆಗಲಿ ಗುಂಡು ಹಾರಿಸುತ್ತಾನೆ. ಅಮೆರಿಕನ್ನರು 1942ರ ಮೇ ತಿಂಗಳಲ್ಲಿ ತಮ್ಮ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನು ತೆಗೆದುಹಾಕಿದರು. ಭಾರತ-ಬರ್ಮಾ ರಂಗದಲ್ಲಿ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ಚಕ್ರದಿಂದಲೂ ಕೆಂಪು ಹೋಯಿತು. ಆಮೇಲೆ ಉಳಿದ ಬಿಳಿಯೂ ಮರೆಮಾಚುವ ಬಣ್ಣದ ಮೇಲೆ ಎದ್ದು ಕಾಣುತ್ತದೆಂದು ಅದಕ್ಕೂ ನೀಲಿ ಬೆರೆಸಿ ತಗ್ಗಿಸಿದರು. ಕೊನೆಗೆ ನಿಂತದ್ದು ಕಡುನೀಲಿ ಬಳೆಯೊಳಗೆ ತಿಳಿನೀಲಿ ಬೊಟ್ಟು, ಅಳತೆಯಲ್ಲೂ ಚಿಕ್ಕದು.

ಕಪ್ಪು-ಬಿಳುಪು ಚಿತ್ರಗಳಲ್ಲಿ ಈ ತಿಳಿನೀಲಿ ಬಿಳಿಯಂತೆಯೇ ಕಾಣುತ್ತದೆ. ಹಾಗಾಗಿ ಬಹಳ ಜನ ಅಪ್ಪಟ ಬಿಳಿ ಬಳಿಯುತ್ತಾರೆ. ಚಿತ್ರದಲ್ಲೇ ಅದನ್ನು ಬೇರೆ ಯಾವುದಾದರೂ ಬಿಳಿಯ ಪಕ್ಕ, ಅಂದರೆ ಅಕ್ಷರದ ಬಿಳಿ ಅಥವಾ ಪಕ್ಕದಲ್ಲಿ ನಿಂತವನ ಅಂಗಿಯ ಬಿಳಿಯ ಪಕ್ಕ ಇಟ್ಟು ನೋಡಿದರೆ ಒಂದು ಮೆಟ್ಟಿಲು ಮಂಕಾಗಿರುವುದು ಗೊತ್ತಾಗುತ್ತದೆ. ಹಳೆಯ ಚಿತ್ರ ನೋಡುವಾಗ ಬಣ್ಣವನ್ನು ಊಹಿಸುವ ಬದಲು ಎರಡು ಛಾಯೆಗಳನ್ನು ಅಕ್ಕಪಕ್ಕ ತೂಗುವ ಅಭ್ಯಾಸ ಬೆಳೆಸಿಕೊಂಡರೆ ಬಹಳ ಸಂದೇಹಗಳು ಅಲ್ಲೇ ತೀರುತ್ತವೆ.

ಡೆಕಲ್ ಬಿಟ್ಟು ಏರ್‌ಬ್ರಷ್ಷಿನಿಂದಲೇ ಹೊಡೆಯಲು ನಿರ್ಧರಿಸಿದೆ. ನನ್ನ ಹತ್ತಿರ ಇದ್ದ ಹಳೆಯ ಡೆಕಲ್ ಹಾಳೆ ಅಂಚುಗಳಲ್ಲಿ ಹಳದಿಯಾಗಿತ್ತು, ಮನೆಯ ಪ್ರಿಂಟರಿನಲ್ಲಿ ಅಚ್ಚು ಹಾಕೋಣವೆಂದರೆ ಅದಕ್ಕೆ ಬಿಳಿ ಬಣ್ಣ ಗೊತ್ತಿಲ್ಲ, ತಿಳಿನೀಲಿ ಹಸಿರಿನ ಮೇಲೆ ಮುಳುಗಿಹೋಗುತ್ತದೆ. ಬಣ್ಣವೇ ಹೊಡೆದರೆ ಇನ್ನೊಂದು ಲಾಭವಿದೆ: ಡೆಕಲಿನ ಪೊರೆ ಇರುವುದಿಲ್ಲ, ಬಟ್ಟೆಯ ಉಬ್ಬುಗಳ ಮೇಲೆ ಚಕ್ರ ಮೈಗೆ ಮೈಯಾಗಿ ಕೂರುತ್ತದೆ.

ದುಂಡಗೆ ಕೊಯ್ಯುವ ಕಟ್ಟರಿನಿಂದ ಮಾಸ್ಕಿಂಗ್ ಟೇಪಿನಲ್ಲಿ ಹೊರ ಬಳೆ ಮತ್ತು ಒಳ ಬೊಟ್ಟು ಎರಡನ್ನೂ ಕೊಯ್ದುಕೊಂಡೆ. ಅಳತೆಯನ್ನು ಚಿತ್ರದಿಂದಲೇ ತೆಗೆದದ್ದು: ಚಕ್ರದ ಅಗಲವನ್ನು ಅದೇ ಜಾಗದಲ್ಲಿ ದೇಹದ ಎತ್ತರಕ್ಕೆ ಹೋಲಿಸಿ, ಅದೇ ಪ್ರಮಾಣವನ್ನು ಮಾಡೆಲಿಗೆ ಇಳಿಸಿದೆ. ಹೊರಗಿನ ಟೇಪು ಅಂಟಿಸಿ ಮೊದಲು ಬಿಳಿ, ಅದರ ಮೇಲೆ ತಿಳಿನೀಲಿ. ತಿಳಿನೀಲಿಗೆ ನಾಲ್ಕು ಪಾಲು ಬಿಳಿ, ಒಂದು ಪಾಲು ಕಡುನೀಲಿ ಬೆರೆಸಿದೆ, ಅದೇ ಕಡುನೀಲಿಯನ್ನು ಬಳೆಗೂ ಬಳಸಿದ್ದರಿಂದ ಎರಡೂ ಒಂದೇ ಮನೆಯವು ಅನ್ನಿಸುತ್ತವೆ. ಒಣಗಿದ ಮೇಲೆ ನಡುವೆ ಬೊಟ್ಟಿನ ಟೇಪು ಇಟ್ಟು ಸುತ್ತ ಕಡುನೀಲಿ. ಬೊಟ್ಟನ್ನು ನಟ್ಟನಡುವೆ ಕೂರಿಸುವುದೇ ಕಷ್ಟದ ಕೆಲಸ. ಅರ್ಧ ಮಿಲಿಮೀಟರ್ ಸರಿದರೂ ಕಣ್ಣಿಗೆ ರಾಚುತ್ತದೆ. ಕಟ್ಟರಿನ ಮೊಳೆ ಚುಚ್ಚಿದ ತೂತು ಬೊಟ್ಟಿನ ಕೇಂದ್ರದಲ್ಲಿ ಉಳಿದಿರುತ್ತದೆ, ಮಾಡೆಲಿನ ಮೇಲೆ ಪೆನ್ಸಿಲ್ಲಿನಿಂದ ಹಾಕಿದ ಅಡ್ಡ-ಉದ್ದ ಗೆರೆಗಳ ಸಂಧಿಗೆ ಆ ತೂತನ್ನು ಹೊಂದಿಸಿದರೆ ಸರಿಯಾಗಿ ಕೂರುತ್ತದೆ.

ಬಾಲದ ಮೇಲಿನ ಪಟ್ಟಿಯಲ್ಲೂ ಹೀಗೇ: ಮುಂದೆ ತಿಳಿನೀಲಿ, ಹಿಂದೆ ಕಡುನೀಲಿ. ದೇಹದ ಮೇಲೆ ಒಂದೇ ಅಕ್ಷರ. ಇಂಗ್ಲೆಂಡಿನಲ್ಲಿ ಸ್ಕ್ವಾಡ್ರನ್ನಿನ ಎರಡಕ್ಷರ, ವಿಮಾನದ ಒಂದಕ್ಷರ ಸೇರಿ ಮೂರು ಇರುತ್ತಿದ್ದವು. ಇಲ್ಲಿ ವಿಮಾನದ ಅಕ್ಷರ ಮಾತ್ರ.

ಇನ್ನೊಂದು ಸೂಕ್ಷ್ಮ. ಈ ವಿಮಾನಗಳು ಬ್ರಿಟನ್ನಿನಿಂದ ಹಡಗಿನಲ್ಲಿ ಬರುವಾಗ ಕೆಂಪಿರುವ ದೊಡ್ಡ ಚಕ್ರಗಳನ್ನೇ ಹೊತ್ತು ಬರುತ್ತಿದ್ದವು. ಇಲ್ಲಿ ಅವನ್ನು ಮುಚ್ಚಿ ಚಿಕ್ಕ ಚಕ್ರ ಬರೆಯಬೇಕಿತ್ತು. ಹಾಗಾಗಿ ಹೊಸ ಚಕ್ರದ ಸುತ್ತ ಹಳೆಯ ಚಕ್ರದಷ್ಟೇ ದೊಡ್ಡದಾದ, ಇನ್ನೂ ಮಾಸದ ಬಣ್ಣದ ತೇಪೆ ಉಳಿಯುವುದು ಸಹಜ. ಮಾಡೆಲಿನಲ್ಲಿ ಇದನ್ನು ಮಾಡಲು ಹಸಿರನ್ನೂ ಕಂದನ್ನೂ ಬಾಟಲಿಯಲ್ಲಿದ್ದ ಹಾಗೆ, ಏನೂ ಬೆರೆಸದೆ, ಚಕ್ರ ಬರುವ ಜಾಗಕ್ಕೆ ಮೊದಲೇ ದುಂಡಗೆ ಹೊಡೆದಿದ್ದೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದು ಛಾಯೆಯಷ್ಟು ವ್ಯತ್ಯಾಸ ಕಾಣುತ್ತದೆ. ಕೆಂಪು ಅಲ್ಲಿತ್ತು, ತೆಗೆದರು ಎಂಬ ಇಡೀ ಕತೆ ಆ ಛಾಯೆಯಲ್ಲಿದೆ. ಈ ಮಾಡೆಲಿನಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ.

ಇಂಫಾಲದ ಮಣ್ಣು

ಹೊಳಪು ವಾರ್ನಿಷ್ ಹೊಡೆದು, ಕಡುಕಂದು ಎಣ್ಣೆಬಣ್ಣವನ್ನು ಥಿನ್ನರಿನಲ್ಲಿ ಕದಡಿ ಗೀರುಗಳಿಗೆ ಹರಿಸಿದೆ. ಕಪ್ಪು ಬೇಡ, ಗೀರು ಲೆಕ್ಕಕ್ಕಿಂತ ಎದ್ದು ಕಾಣುತ್ತದೆ. ಬಟ್ಟೆಯ ಭಾಗಕ್ಕೆ ಈ ವಾಶ್ ಹಾಕಲೇ ಇಲ್ಲ, ಅಲ್ಲಿ ಗೀರುಗಳೇ ಇಲ್ಲವಲ್ಲ.

ಮ್ಯಾಟ್ ವಾರ್ನಿಷ್ಷಿಗೆ ಬೆಂಗಳೂರಿನ ಜುಲೈ ಆಗಿಬರುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಲ್ಯಾಕರ್ ಒಣಗುವ ಹೊತ್ತಿಗೆ ಮೇಲೆ ಬಿಳಿ ಮಂಜು ಕೂರುತ್ತದೆ, ಕಡುಹಸಿರಿನ ಮೇಲಂತೂ ಎದ್ದು ತೋರುತ್ತದೆ. ಮಳೆ ನಿಂತು ಬಿಸಿಲು ಬಂದ ಮಧ್ಯಾಹ್ನಕ್ಕೆ ಕಾದು, ಒಂದು ಸಲಕ್ಕೆ ಹಾಯಿಸದೆ, ನಡುವೆ ಒಣಗಲು ಬಿಟ್ಟು ತೆಳುವಾಗಿ ಹೊಡೆಯುವುದೊಂದೇ ದಾರಿ.

ಮಣ್ಣಿನ ವಿಷಯಕ್ಕೆ ಬರೋಣ. ನಮ್ಮ ಕಡೆಯವರು ದೂಳು ಎಂದರೆ ಕೆಂಪು ಎಂದುಕೊಳ್ಳುತ್ತೇವೆ, ಕಾಲಡಿಯ ಮಣ್ಣು ಹಾಗಿದೆ. ಇಂಫಾಲ ಕಣಿವೆ ಒಂದು ಕಾಲದಲ್ಲಿ ಕೆರೆಯ ತಳವಾಗಿದ್ದ ಜಾಗ, ಅಲ್ಲಿನದು ಬೂದು ಬೆರೆತ ಕಂದು ಜೇಡಿ. ಚಕ್ರಗಳಿಗೂ ಹೊಟ್ಟೆಗೂ ಹಚ್ಚುವ ಪುಡಿಬಣ್ಣದಲ್ಲಿ ಕೆಂಪು ಎಳ್ಳಷ್ಟೂ ಇರಬಾರದು. ಬೂದು ಮತ್ತು ಮಣ್ಣುಗಂದು ಪುಡಿಗಳನ್ನು ಬೆರೆಸಿ, ಟೈರಿನ ಅಂಚು, ಚಕ್ರದ ಗುಂಡಿಯ ಒಳಗೋಡೆ, ರೇಡಿಯೇಟರಿನ ಮುಂಭಾಗಕ್ಕೆ ಒಣ ಕುಂಚದಿಂದ ತಟ್ಟಿದೆ. ಇಂಫಾಲ ಮೇನ್ ಎಂದು ಕರೆಯುತ್ತಿದ್ದ ಕೊಯಿರೆಂಗೈ ನೆಲೆ ಎಲ್ಲ ಹವೆಗೂ ತಕ್ಕದ್ದು, ಹಾಗಾಗಿ ಕೆಸರಿನಲ್ಲಿ ಹೂತು ಬಂದಂತೆ ತೋರಿಸುವ ಅಗತ್ಯವಿಲ್ಲ. ಕಣಿವೆಯ ಕೆಲವು ನೆಲೆಗಳು ಮಳೆಗಾಲದಲ್ಲಿ ಕೈಕೊಡುತ್ತಿದ್ದವು, ಅಲ್ಲಿನ ವಿಮಾನ ಕಟ್ಟುವವರು ಬೇಕಾದರೆ ಹೆಚ್ಚು ಕೆಸರು ಹಚ್ಚಲಿ.

1944ರ ಮಾರ್ಚ್ ಕೊನೆಗೆ ಜಪಾನೀಯರು ಕೊಹಿಮಾ ಕಡೆಯ ರಸ್ತೆ ಕಡಿದ ಮೇಲೆ ಜೂನ್ 22ರವರೆಗೆ ಇಂಫಾಲಕ್ಕೆ ಎಲ್ಲವೂ ಆಕಾಶದಿಂದಲೇ ಬರಬೇಕಿತ್ತು. ಅಕ್ಕಿ, ಮದ್ದುಗುಂಡು, ಪೆಟ್ರೋಲು, ಎಲ್ಲ ಹೆಚ್ಚಾಗಿ ಡಕೋಟಾ ಸಾಗಣೆ ವಿಮಾನಗಳಲ್ಲಿ. ಅಂಥ ದಿನಗಳಲ್ಲಿ ಹರಿಕೇನ್‌ಗಳು ಜೋಡಿಯಾಗಿ ಗುಡ್ಡಗಳ ಮೇಲೆ ತಗ್ಗಿನಲ್ಲಿ ಹಾರಿ ಶತ್ರುವಿನ ಚಲನವಲನ ನೋಡಿ ಬರುತ್ತಿದ್ದವು. ಮುಂದಿನವನು ನೆಲ ನೋಡುತ್ತಾನೆ, ಹಿಂದಿನವನು ಆಚೀಚೆ ತೂಗಾಡುತ್ತ ಆಕಾಶ ಕಾಯುತ್ತಾನೆ. ದಿನವೂ ಹಾರುವ ವಿಮಾನ ಕೊಳೆಯಾಗಿರುತ್ತದೆ, ಪಾಳುಬಿದ್ದಿರುವುದಿಲ್ಲ. ನೆಲದ ಸಿಬ್ಬಂದಿ ಅದನ್ನು ಒರೆಸಿ, ತೊಳೆದು, ಎಣ್ಣೆ ಹಾಕಿ ನಿಲ್ಲಿಸುತ್ತಿದ್ದರು. ಹಾಗಾಗಿ ತುಕ್ಕು ಸುರಿಯುವಂತೆ ತೋರಿಸುವುದು ಅವರ ಕೆಲಸಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ಅನಿಸಿಕೆ. ಹೊಗೆಕೊಳವೆಗಳ ಹಿಂದೆ ರೆಕ್ಕೆಯ ಬುಡದವರೆಗೆ ಬೂದುಗಂದು ಹೊಗೆ, ರೆಕ್ಕೆಯ ಕೆಳಗೆ ಖಾಲಿ ಕಾಡತೂಸು ಬೀಳುವ ಕಿಂಡಿಗಳಿಂದ ಹಿಂದಕ್ಕೆ ಕಪ್ಪು ಮಸಿ, ಮೂಗಿನ ಅಡಿಯಿಂದ ಹೊಟ್ಟೆಯವರೆಗೆ ಎಣ್ಣೆಯ ಒಂದೆರಡು ಗೆರೆ. ಇಷ್ಟಕ್ಕೆ ನಿಲ್ಲಿಸಿದೆ. ಎರಡನೇ ಮಾದರಿಯ ಹರಿಕೇನ್‌ಗಳಲ್ಲಿ ಪ್ರೊಪೆಲ್ಲರಿನ ಹಿಂದೆ ಎಣ್ಣೆ ಹಿಡಿಯುವ ಬಳೆಯೊಂದಿದೆ, ಗಾಜಿನ ಮೇಲೆ ಎಣ್ಣೆ ಸಿಡಿಯದಿರಲೆಂದು ಹಾಕಿದ್ದು. ಕಿಟ್ಟಿನಲ್ಲಿ ಅದು ತೆಳುವಾದ ಉಬ್ಬು, ಅದರ ಹಿಂದಿನ ಅಂಚಿಗೆ ಮಾತ್ರ ವಾಶ್ ಮುಟ್ಟಿಸಿದರೆ ಎದ್ದು ಬರುತ್ತದೆ.

ಉಳಿದ ಚೂರುಪಾರು

ಪ್ರೊಪೆಲ್ಲರಿನ ಮೂರು ಅಲಗುಗಳೂ ಕಪ್ಪು, ತುದಿಗೆ ನಾಲ್ಕಿಂಚು ಹಳದಿ, ಅಂದರೆ ಮಾಡೆಲಿನಲ್ಲಿ 1.4 ಮಿಲಿಮೀಟರ್. ಮೊದಲು ತುದಿಗೆ ಬಿಳಿ, ಮೇಲೆ ಹಳದಿ, ಟೇಪ್ ಹಾಕಿ ಆಮೇಲೆ ಕಪ್ಪು. ಕಪ್ಪಿನ ಮೇಲೆ ಹಳದಿ ಹಚ್ಚಲು ಹೋದರೆ ಪದರದ ಮೇಲೆ ಪದರ ಬಿದ್ದು ದಪ್ಪವಾಗುತ್ತದೆ.

ಬೆನ್ನ ಮೇಲಿನ ಆಂಟೆನಾ ಕಂಬದಿಂದ ಬಾಲಕ್ಕೆ ತಂತಿ ಎಳೆಯಲಿಲ್ಲ. ಈ ಹೊತ್ತಿಗೆ ರೇಡಿಯೋ ವಿ.ಎಚ್.ಎಫ್.ಗೆ ಬದಲಾಗಿತ್ತು, ಕಂಬವೇ ಆಂಟೆನಾ. 1940ರ ಹರಿಕೇನಿಗಾದರೆ ತಂತಿ ಬೇಕು. ರೆಕ್ಕೆಯ ತುದಿಯ ದೀಪಗಳಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಪಾರದರ್ಶಕ ಭಾಗದ ಒಳಮೈಗೆ ಸೂಜಿತುದಿಯಷ್ಟು ಬಣ್ಣ. ಗಾಜಿನ ಚೌಕಟ್ಟಿಗೆ ಟೇಪನ್ನು ಅದರ ಮೇಲೇ ಒತ್ತಿ, ಉಬ್ಬಿನ ಅಂಚಿನಲ್ಲಿ ಹೊಸ ಬ್ಲೇಡ್ ಎಳೆದು, ಮೊದಲು ಒಳಗಿನ ಬೂದು-ಹಸಿರು, ಆಮೇಲೆ ಹೊರಗಿನ ಬಣ್ಣ ಹೊಡೆದೆ. ಒಳಗಿನಿಂದ ನೋಡಿದರೆ ಒಳಬಣ್ಣವೇ ಕಾಣುತ್ತದೆ.

ಚಕ್ರದ ಕಾಲುಗಳನ್ನು ಕೂರಿಸುವಾಗ ಮುಂದಿನಿಂದ ನೋಡಿ ಎರಡೂ ಒಂದೇ ಕೋನದಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಅದೇ ಕಾಲದ ಇನ್ನೊಂದು ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರಿನ ಕಾಲುಗಳು ಹೊರಗೆ ಮಡಚಿಕೊಳ್ಳುವುದರಿಂದ ಅದು ಕಾಲು ಜೋಡಿಸಿ ನಿಲ್ಲುತ್ತದೆ. ಹರಿಕೇನಿನವು ಒಳಗೆ ಮಡಚುತ್ತವೆ, ನಿಂತಾಗ ಕಾಲು ಅಗಲ. ಒರಟು ನೆಲದಲ್ಲಿ ಅದು ಭದ್ರವಾಗಿ ಇಳಿಯುತ್ತಿದ್ದದ್ದು ಇದರಿಂದಲೇ, ಮಾಡೆಲಿನಲ್ಲೂ ಆ ನಿಲುವು ಬರಬೇಕು. ಟೈರಿನ ಅಡಿಯನ್ನು ಮರಳು ಕಾಗದದ ಮೇಲೆ ಒಂದೆರಡು ಸಲ ಎಳೆದು ಸಪಾಟು ಮಾಡಿದರೆ ವಿಮಾನಕ್ಕೆ ಭಾರ ಇದ್ದಂತೆ ಕಾಣುತ್ತದೆ.

ನಿಜವಾದ ಹರಿಕೇನನ್ನು ನೋಡಬೇಕೆನ್ನುವವರಿಗೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಮ್ಯೂಸಿಯಂನಲ್ಲಿ ಒಂದು ಇದೆ. ಅದರ ಪಕ್ಕ ನಿಂತು ಕಾಕ್‌ಪಿಟ್ಟಿನ ಹಿಂದಿನ ಉಬ್ಬುಗೆರೆಗಳನ್ನು ನೋಡಿದರೆ ನಾನು ಮೇಲೆ ಬರೆದ ಬಟ್ಟೆಯ ವಿಷಯ ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ.

ಬೆಂಗಳೂರಿನವನಾಗಿ ಇದರ ಮುಂದಿನದಕ್ಕೆ ನನ್ನ ಮನಸ್ಸು ಈಗಾಗಲೇ ಹೋಗಿದೆ. ವಾಲ್ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಇಲ್ಲಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಮೊದಮೊದಲು ಜೋಡಿಸಿದವುಗಳಲ್ಲಿ ವಲ್ಟೀ ವೆಂಜೆನ್ಸ್ ಎಂಬ ಕಡಿದಾಗಿ ಧುಮುಕಿ ಬಾಂಬು ಹಾಕುವ ವಿಮಾನವೂ ಒಂದು. ಭಾರತೀಯ ಸ್ಕ್ವಾಡ್ರನ್‌ಗಳು ಅದನ್ನು ಇದೇ ಬರ್ಮಾ ರಂಗದಲ್ಲಿ ಹಾರಿಸಿದವು. ಅದಕ್ಕೂ ಇದೇ ತಿಳಿನೀಲಿ ಬೇಕು, ಹಾಗಾಗಿ ಬೆರೆಸಿಟ್ಟದ್ದರಲ್ಲಿ ಉಳಿದದ್ದನ್ನು ಪುಟ್ಟ ಬಾಟಲಿಗೆ ಹಾಕಿ, ನಾಲ್ಕಕ್ಕೆ ಒಂದು ಎಂದು ಚೀಟಿ ಅಂಟಿಸಿದ್ದೇನೆ. ಹರಿಕೇನಿಗೆ ಇನ್ನು ಬಾಕಿ ಇರುವುದು ಎಡರೆಕ್ಕೆಯ ಕೆಳಗಿನ, ವೇಗ ಅಳೆಯಲು ಇರುವ ಪಿಟೋ ಕೊಳವೆ ಮಾತ್ರ. ಕೈ ತಾಗಿದರೆ ಮೊದಲು ಮುರಿಯುವುದು ಅದೇ, ಅದಕ್ಕೇ ಯಾವ ಮಾಡೆಲಿನಲ್ಲೂ ಅದನ್ನು ಎಲ್ಲಕ್ಕಿಂತ ಕೊನೆಗೆ ಅಂಟಿಸುತ್ತೇನೆ.